ರೆಡ್ ಬೈರನ್ ಕಾರಿನ ಕ್ಲಚ್ ಪೆಡಲ್: ಕೊನೆಗೂ ಕೂತಿತು

ನಾನು ಮಾಡುತ್ತಿರುವ ಪುಟಾಣಿ ಮಾಡೆಲ್ ಕಾರಿನಲ್ಲಿ ಮೂರು ವಾರ ಸತಾಯಿಸಿದ ಕ್ಲಚ್ ಪೆಡಲ್ ನಿನ್ನೆ ರಾತ್ರಿ ಹನ್ನೊಂದೂವರೆಗೆ ದಾರಿಗೆ ಬಂತು. ಚಿಮಟದಲ್ಲಿ ಹಿಡಿದು ಎಳೆದೆ. ಕಿತ್ತು ಬರಲಿಲ್ಲ! ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಬಾಡಿ, ಚಾಸಿ, ಪ್ರೈಮರ್ ಮಾತು ಈಗ ಬೇಡ, ಬಿಡಿ. ಈ ಸಲ ಮಾತೆಲ್ಲ ಮೂರು ಮಿಲಿಮೀಟರಿನ ಪೆಡಲ್ ಬಗ್ಗೆ.

ಇದು ಅಮೆರಿಕದ ರೇಸ್ ಚಾಲಕ ರೆಡ್ ಬೈರನ್ ಓಡಿಸಿದ 1939ರ ಫೋರ್ಡ್ ಕೂಪೆ, ನಂಬರ್ 22. ಅಳತೆ 1/25, ಅಂದರೆ ಅಸಲಿ ಕಾರಿನ ಇಪ್ಪತ್ತೈದನೇ ಒಂದು ಪಾಲು. ಎರಡನೇ ಮಹಾಯುದ್ಧದಲ್ಲಿ ಬೈರನ್ ಬಿ-24 ಬಾಂಬರ್ ವಿಮಾನದಲ್ಲಿದ್ದ. ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ಮೇಲೆ ಹಾರುವಾಗ ಎಡಗಾಲು ನುಜ್ಜುಗುಜ್ಜಾಯಿತು. ಎರಡು ವರ್ಷಕ್ಕೂ ಜಾಸ್ತಿ ಆಸ್ಪತ್ರೆ ವಾಸ. ಕಾಲು ಉಳಿಯಿತು, ಬಲ ಉಳಿಯಲಿಲ್ಲ. ಎಡಗಾಲು ಅಂದರೆ ಕ್ಲಚ್ ಕಾಲು ಅಲ್ವಾ? ಅಟ್ಲಾಂಟಾದ ಮೆಕ್ಯಾನಿಕ್ ರೆಡ್ ವೋಗ್ಟ್ ಅದಕ್ಕೊಂದು ದಾರಿ ಹುಡುಕಿದ. ಕುದುರೆ ಸವಾರ ಪಾದ ಇಡುತ್ತಾನಲ್ಲ, ಅಂಥದ್ದೇ ಒಂದು ಲೋಹದ ಬಳೆಯನ್ನು ಪೆಡಲ್‌ಗೆ ಕೂರಿಸಿದ. 1948ರ ಫೆಬ್ರವರಿ 15ರಂದು ಫ್ಲೋರಿಡಾದ ಡೇಟೋನಾದಲ್ಲಿ ನಾಸ್ಕಾರ್‌ನ (ಅಮೆರಿಕದ ಕಾರ್ ರೇಸ್ ಸಂಸ್ಥೆ) ಮೊಟ್ಟಮೊದಲ ರೇಸ್ ಗೆದ್ದವನು ಇದೇ ಬೈರನ್. ಆ ವರ್ಷದ ಚಾಂಪಿಯನ್ನೂ ಅವನೇ. ಆ ಬಳೆ ಇಲ್ಲದಿದ್ದರೆ ನನ್ನ ಮೇಜಿನ ಮೇಲಿರುವುದು ಯಾವುದೋ ಒಂದು ಹಳೇ ಫೋರ್ಡ್ ಅಷ್ಟೇ.

ಪೆಡಲ್‌ಗೆ ಆ ಬಳೆ ಕೂರಿಸಲು ಮೊದಲು ಸೂಪರ್ ಗ್ಲೂ ಹಾಕಿದೆ. ಮೂರು ಸಲ ಉದುರಿತು, ಸುತ್ತ ಬಿಳಿ ಬೂಷ್ಟು ಬೇರೆ. ಆಮೇಲೆ ಹಿತ್ತಾಳೆ ಪಟ್ಟಿಯ ಪೆಡಲ್ ಮಾಡಿ ಬೆಸುಗೆಗೆ ಕೂತೆ. ಬಳೆಯ ಎಡಗಡೆ ಹಿಡಿಯಿತು. ಬಲಗಡೆಗೆ ಬೆಸುಗೆ ಐರನ್ ಮುಟ್ಟಿಸಿದರೆ ಎಡಗಡೆಯದು ಕರಗಿ ಬಿಟ್ಟುಕೊಂಡಿತು. ಅಷ್ಟು ಚಿಕ್ಕ ಪಟ್ಟಿಯಲ್ಲಿ ಬಿಸಿ ಒಂದೇ ಕಡೆ ಎಲ್ಲಿ ನಿಲ್ಲುತ್ತದೆ? ಬಿಸಿ ಹೀರಲಿ ಅಂತ ಒದ್ದೆ ಹತ್ತಿ ಸುತ್ತಿದೆ, ಕ್ಲಿಪ್ ಕಚ್ಚಿಸಿದೆ. ಊಹೂಂ.

ತೂತು ಕೊರೆದು ಸಿಕ್ಕಿಸೋಣ ಅಂದರೆ 0.4 ಎಂಎಂ ಡ್ರಿಲ್ ಬಿಟ್ ಬೇಕು. ಆನ್‌ಲೈನ್ ಅಂಗಡಿಯವನು 0.8 ಕಳಿಸಿದ. ಬದಲಿಗೆ ಹನ್ನೆರಡು ದಿನ ಕಾಯಿಸಿದ. ಲೇಬಲ್ ಓದಿ ಡಬ್ಬಿಗೆ ಹಾಕುವುದಕ್ಕೆ ಇಷ್ಟು ಕಷ್ಟವೇ ಮಾರಾಯ್ರೆ?

ಕಾಯುವಾಗಲೇ ಹೊಳೆಯಿತು: ಪೆಡಲ್ ಹತ್ತಿರ ಬೆಸುಗೆಯೇ ಬೇಡ. 1 ಸ್ಕ್ವೇರ್ ಎಂಎಂ ವೈರಿನ ಒಂದು ಎಳೆ ಸರಿಯಾಗಿ 0.3 ಎಂಎಂ. ಅದನ್ನು ಒಂದು ತೂತಿನಿಂದ ಹಿಂದಕ್ಕೆ ಹಾಕಿ ಇನ್ನೊಂದರಿಂದ ಮುಂದಕ್ಕೆ ಎಳೆದೆ. ಎರಡು ತುದಿಗಳನ್ನೂ 4 ಎಂಎಂ ಬಿಟ್ಟಿನ ಹಿಡಿಕೆ ಮೇಲೆ ಕಮಾನಿನಂತೆ ಬಗ್ಗಿಸಿದೆ. ಅವು ಸೇರುವ ನೆತ್ತಿಯಲ್ಲಿ ಒಂದೇ ಒಂದು ಹನಿ ಬೆಸುಗೆ. ಬಿಚ್ಚಿಕೊಳ್ಳಲು ಇನ್ನೊಂದು ಬೆಸುಗೆಯೇ ಇಲ್ಲವಲ್ಲ!

ಈಗ ಕಾರು ನಿಲ್ಲಿಸುವ ನೆಲಕ್ಕೆ ಹಾಕುವ ಮರಳಿನ ಚಿಂತೆ. ಆಗಿನ ಡೇಟೋನಾ ಟ್ರ್ಯಾಕ್ ಒಂದು ಬದಿ ರಸ್ತೆ, ಇನ್ನೊಂದು ಬದಿ ಸಮುದ್ರದಂಡೆ ಆಗಿತ್ತು. ಅರ್ಧ ಮಿಲಿಮೀಟರ್ ಮರಳಿನ ಕಾಳು ಈ ಅಳತೆಯಲ್ಲಿ ಹನ್ನೆರಡೂವರೆ ಮಿಲಿಮೀಟರ್ ಜಲ್ಲಿಯಾಗಿಬಿಡುತ್ತದೆ. ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದೇನೆ. ನೀರು ಇಳಿದ ಹೊತ್ತಿನ ಒದ್ದೆ, ಗಟ್ಟಿ ಮರಳಿನ ಬಣ್ಣ ಬರಬೇಕು.

ಇದರ ಪಕ್ಕಕ್ಕೆ ಬೈರನ್ ಓಡಿಸಿದ 1949ರ ಓಲ್ಡ್ಸ್‌ಮೊಬೈಲ್ 88 ಮಾಡಲೇಬೇಕು. ಆ ವರ್ಷ ನಾಸ್ಕಾರ್‌ನಲ್ಲಿ ಹೊಸ ಕಾರುಗಳ ರೇಸ್ ಸರಣಿ ಶುರುವಾಯಿತು. ಎಂಟು ರೇಸ್, ಬೈರನ್ ಓಡಿದ್ದು ಆರು, ಗೆದ್ದದ್ದು ಎರಡು: ಡೇಟೋನಾ, ಮಾರ್ಟಿನ್ಸ್‌ವಿಲ್. ಲೀ ಪೆಟಿಯನ್ನು ಎರಡನೆಯವನಾಗಿಸಿ ಅಲ್ಲೂ ಮೊದಲ ಚಾಂಪಿಯನ್ ಆದ. 303 ಕ್ಯೂಬಿಕ್ ಇಂಚಿನ ಆ ವಿ8 ಎಂಜಿನ್ನಿಗೆ ಪ್ಲಗ್ ವೈರ್ ಎಳೆಯುವ ಆಸೆ ಈಗಲೇ ಶುರುವಾಗಿದೆ.

ನಾಳೆ ಪೆಡಲ್‌ಗೆ ಕಪ್ಪು ಬಣ್ಣ. ಎಡಗಡೆ ಬಾಗಿಲು ತೆರೆದಂತೆಯೇ ಅಂಟಿಸುತ್ತೇನೆ, ಬಗ್ಗಿ ನೋಡಿದವರಿಗೆ ಬಳೆ ಕಾಣಲಿ.