ಗಾಲ್ವೇಯ ಊರೂರ ಫುಟ್ಬಾಲ್

ಐರ್ಲೆಂಡಿನ ಪಶ್ಚಿಮದ ಗಾಲ್ವೇಗೆ ಹೋದವರು ಮೊಹೆರ್ ಕಡಲಬಂಡೆಗಳನ್ನೂ ಕೊನೆಮಾರದ ಬೆಟ್ಟಗಳನ್ನೂ ನೋಡಿ ಬರುತ್ತಾರೆ. ನಾನೂ ನೋಡಿದೆ, ಬಹಳ ಚೆನ್ನಾಗಿವೆ. ಆದರೆ ಸೆಪ್ಟೆಂಬರ್‌ನಲ್ಲಿ ಅಕ್ಕನ ಮನೆಯಲ್ಲಿದ್ದಾಗ ನನ್ನನ್ನು ಹಿಡಿದಿಟ್ಟಿದ್ದು ಗೇಲಿಕ್ ಫುಟ್ಬಾಲ್, ಕೈಕಾಲು ಎರಡೂ ಬಳಸಿ ಆಡುವ ಐರ್ಲೆಂಡಿನ ಸ್ವಂತ ಆಟ. ಡಬ್ಲಿನ್ನಿನ ಕ್ರೋಕ್ ಪಾರ್ಕಿನ ದೊಡ್ಡ ಆಟ ಅಲ್ಲ, ಊರ ಕ್ಲಬ್ಬುಗಳ ಚಾಂಪಿಯನ್‌ಶಿಪ್.

2022ರಿಂದ ಈ ಆಟ ನಡೆಸುವವರು ವರ್ಷವನ್ನು ಎರಡಾಗಿ ಹಂಚಿದ್ದಾರೆ. ಜುಲೈ ಮುಗಿಯುವ ಹೊತ್ತಿಗೆ ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ಪ್ರದೇಶಗಳ, ನಡುವಿನ ಆಟ ಮುಗಿಯುತ್ತದೆ. ಆಮೇಲೆ ಆಟಗಾರರೆಲ್ಲ ತಮ್ಮ ತಮ್ಮ ಊರಿನ ಕ್ಲಬ್ಬಿಗೆ ವಾಪಸ್. ಫೈನಲ್‌ನಲ್ಲಿ 80 ಸಾವಿರಕ್ಕೂ ಜಾಸ್ತಿ ಜನರೆದುರು ಆಡಿದವನೂ ಈಗ ಪಕ್ಕದ ಮನೆಯವನ ಜೊತೆ ಆಡಬೇಕು. ಯಾರಿಗೂ ಸಂಬಳ ಇಲ್ಲ.

ಮೊದಲು ಹೋಗಿದ್ದು ಸಾಲ್ಟ್‌ಹಿಲ್‌ನ ಪಿಯರ್ಸ್ ಸ್ಟೇಡಿಯಂಗೆ. ಸಮುದ್ರ ಅಲ್ಲೇ ಹತ್ತಿರ. ಗಾಳಿ ಎಷ್ಟಿತ್ತೆಂದರೆ ಟೋಪಿ ಕೈಯಲ್ಲಿ ಹಿಡಿದೇ ಕೂತೆ. ಅಕ್ಕನ ಮಗ ಅಲ್ಲಿನ ಮಕ್ಕಳ ತಂಡದಲ್ಲಿ ಆಡುತ್ತಾನೆ, ಅವನೇ ನನ್ನ ಗುರು. ಒಂದೊಂದು ಕಡೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗಿಂತ ಹೆಚ್ಚು ಹೊರುವಂತಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಹಿಡಿಯಬೇಕು. ಎಸೆಯುವ ಹಾಗಿಲ್ಲ, ಕೈಯಿಂದ ಹೊಡೆದೇ ದಾಟಿಸಬೇಕು.

ಗೋಲಿನ ಕಂಬಗಳು ಅಡ್ಡಪಟ್ಟಿಗಿಂತ ಎಷ್ಟೋ ಮೇಲಕ್ಕೆ ಹೋಗುತ್ತವೆ. ಚೆಂಡು ಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಪಾಯಿಂಟ್. 2025ರಲ್ಲಿ ಬಂದ ಹೊಸ ನಿಯಮದಂತೆ 40 ಮೀಟರ್ ಗೆರೆಯಾಚೆಯಿಂದ ಒದ್ದು ಮೇಲಿಂದ ಹಾಯಿಸಿದರೆ ಎರಡು. ಬಿಳಿ ಕೋಟಿನ ಅಂಪೈರುಗಳು ಒಂದಕ್ಕೆ ಬಿಳಿ ಬಾವುಟ, ಎರಡಕ್ಕೆ ಕಿತ್ತಳೆ, ಗೋಲಿಗೆ ಹಸಿರು ಬೀಸುತ್ತಾರೆ. ಬೋರ್ಡಿನಲ್ಲಿ 1-12 ಅಂತ ಇತ್ತು. "ಚಿಕ್ಕಮ್ಮ, ಅದು ಹದಿನೈದು. ಗೋಲನ್ನ ಮೂರರಿಂದ ಗುಣಿಸಿ ಕೂಡಿಸ್ಬೇಕು" ಅಂದ. ಅಷ್ಟರಲ್ಲಿ ಇನ್ನೊಂದು ಬಾವುಟ ಮೇಲೆದ್ದಿತು.

ಮೊದಲರ್ಧ ಗಾಳಿ ಯಾರ ಬೆನ್ನಿಗಿತ್ತೋ ಅವರು ಆರು ಪಾಯಿಂಟ್ ಮುಂದಿದ್ದರು. ಗೆದ್ದ ಹಾಗೇ ಅಂದುಕೊಂಡೆ. ಪಕ್ಕದಲ್ಲಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ ಹಿರಿಯರು ತಲೆಯಾಡಿಸಿದರು. "ಈ ಗಾಳಿಗೆ ಆರು ಎಲ್ಲಿ ಸಾಕಾಗುತ್ತೆ?" ಅವರು ಹೇಳಿದ್ದೇ ಆಯಿತು. ವಿರಾಮದ ನಂತರ ಎದುರಾಳಿಗಳು ಒಂದೊಂದೇ ಪಾಯಿಂಟ್ ಕಟ್ಟುತ್ತಾ ಬಂದು ದಾಟಿಯೇಬಿಟ್ಟರು.

ಉತ್ತರಕ್ಕಿರುವ ಟ್ಯೂಅಮ್ ಊರಿನ ಸ್ಟೇಡಿಯಂನಲ್ಲಿ ಆಟಕ್ಕಿಂತ ಮಾತೇ ಹೆಚ್ಚು ಕೇಳಿದೆ. ಷಾನ್ ಪರ್ಸೆಲ್, ಫ್ರಾಂಕ್ ಸ್ಟಾಕ್‌ವೆಲ್ ಇಬ್ಬರೂ ಈ ಊರಿನವರೇ. 1956ರಲ್ಲಿ ಗಾಲ್ವೇ ಅಖಿಲ ಐರ್ಲೆಂಡ್ ಫೈನಲ್ ಗೆದ್ದಾಗ ಸ್ಟಾಕ್‌ವೆಲ್ ಒಬ್ಬರೇ ಎರಡು ಗೋಲು, ಐದು ಪಾಯಿಂಟ್ ಹೊಡೆದಿದ್ದರು. ಅದನ್ನು ಹೇಳಿದವರು ಆಗ ಇನ್ನೂ ಹುಟ್ಟಿರಲಿಲ್ಲ, ಆದರೂ ಒಂದೊಂದು ಒದೆತವನ್ನೂ ಕೈ ಬೀಸಿ ತೋರಿಸಿದರು. ಅಲ್ಲಿಗೆ ಹತ್ತಿರದ ಕೊರೊಫಿನ್ ಒಂದು ಚಿಕ್ಕ ಹಳ್ಳಿ. ಅದರ ಕ್ಲಬ್ 2018, 2019, 2020 ಸತತ ಮೂರು ಸಲ ಅಖಿಲ ಐರ್ಲೆಂಡ್ ಕ್ಲಬ್ ಪಟ್ಟ ಗೆದ್ದಿದೆ. ಅದಕ್ಕೂ ಮೊದಲು ಯಾವ ಕ್ಲಬ್ಬೂ ಹಾಗೆ ಗೆದ್ದಿರಲಿಲ್ಲ. ದೊಡ್ಡ ಪಟ್ಟಣಗಳ ಕ್ಲಬ್ಬುಗಳನ್ನೆಲ್ಲ ಹಿಂದೆ ಹಾಕಿ!

ಇದು ಹೇಗೆ ಸಾಧ್ಯ ಅನ್ನೋದು ಒಂದು ಹಳ್ಳಿಯ ಮೈದಾನದಲ್ಲಿ ಸ್ವಲ್ಪ ಅರ್ಥವಾಯಿತು. ಅಲ್ಲಿ ಗ್ಯಾಲರಿ ಇಲ್ಲ. ಹುಲ್ಲಿನ ದಿಬ್ಬ, ತಂತಿ ಬೇಲಿ, ಸುತ್ತ ನಿಲ್ಲಿಸಿದ ಕಾರುಗಳು. ಮಳೆ ಬಂದಾಗ ಕಾರಿನೊಳಗೇ ಕೂತು ನೋಡುವವರು ಪಾಯಿಂಟ್ ಬಿದ್ದಾಗಲೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಗೇಟಿನಲ್ಲಿ ನಿಂತವರು, ಚಹಾ ಕೊಟ್ಟವರು, ಗೆರೆ ಎಳೆದವರು ಎಲ್ಲ ಊರಿನವರೇ, ಸುಮ್ನೆ ಬಂದು ಮಾಡುವವರು. ನಮ್ಮ ಕಡೆ ಹಳ್ಳಿ ಕಬಡ್ಡಿಗೂ ಹೀಗೇ ಜನ ಸೇರುತ್ತಾರೆ. ಆದರೆ ಬಹುಮಾನ ದೊಡ್ಡದಿದ್ದರೆ ಹೊರಗಿನ ಆಟಗಾರರನ್ನು ದುಡ್ಡು ಕೊಟ್ಟು ಕರೆಸುತ್ತೇವೆ ಅಲ್ವಾ? ಇಲ್ಲಿ ಅದು ನಡೆಯಲ್ಲ. ಚರ್ಚಿನ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರುಕೇರಿ, ಎಷ್ಟೋ, ಹೆಚ್ಚಾಗಿ ಕ್ಲಬ್ಬಿನ ವ್ಯಾಪ್ತಿಯೂ ಅಷ್ಟೇ. ಅಲ್ಲಿ ಹುಟ್ಟಿದವನು ಅಲ್ಲೇ ಆಡುತ್ತಾನೆ. ತಂಡ ಎಷ್ಟೇ ಸೋಲಲಿ, ಗೆಲ್ಲುವ ಕ್ಲಬ್ಬಿಗೆ ಹಾರುವುದು ಸುಲಭವಿಲ್ಲ. ಹಾರಬೇಕು ಅಂತ ಅನಿಸುವುದೂ ಅಪರೂಪವಂತೆ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಬೈಯುವವರೂ ಆಟಗಾರನ ಹೆಸರು ಹಿಡಿದೇ ಬೈಯುತ್ತಾರೆ, ಅವನ ಅಪ್ಪ ಎರಡು ಹೆಜ್ಜೆ ದೂರದಲ್ಲಿ ನಿಂತಿರುತ್ತಾನೆ.

ಆ ದಿನ ಆಡಿದ್ದು ಅಕ್ಕಪಕ್ಕದ ಎರಡು ಊರು. ಕೊನೆಯ ನಿಮಿಷದಲ್ಲಿ ಸಮ. ಗಡಿಗೆರೆಯ ಹತ್ತಿರದಿಂದ ಒಬ್ಬ ಓಡುತ್ತಲೇ ಒದ್ದ. ಚೆಂಡು ಕಂಬಕ್ಕೆ ತಾಗಿ ಒಳಗೆ ವಾಲಿತು. ಬಿಳಿ ಬಾವುಟ! ದಿಬ್ಬದ ಮೇಲಿದ್ದವರೆಲ್ಲ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಅಕ್ಕನ ಮಗನೂ ಓಡಿದ. ಪಾಯಿಂಟ್ ಹೊಡೆದವನ ಬೆನ್ನು ತಟ್ಟಿ, ಕೆಸರು ಕೈಯಲ್ಲೇ ವಾಪಸ್ ಬಂದು ಹೇಳಿದ: "ಚಿಕ್ಕಮ್ಮ, ಅವರು ನಮ್ಮ ಶಾಲೆಯ ಮೇಷ್ಟ್ರು. ಸೋಮವಾರ ಬೆಳಿಗ್ಗೆ ಮೊದಲನೇ ಪಿರಿಯಡ್ ಅವರದ್ದೇ!"