ಅವನು ನನಗೆ ಏನೂ ಆಗಬೇಕಾಗಿಲ್ಲ

ಪ್ರಶ್ನೆ ಇದು: "ಆ ಜರ್ಮನಿ ಕೌಂಟ್ ನಿನಗೆ ಏನಾಗಬೇಕು?"

ನಾನು ಅವನ ಬಗ್ಗೆ ಸದಾ ಬರೆಯುತ್ತಾ, ಮಾತಾಡುತ್ತಾ ಇರುತ್ತೇನಲ್ಲ, ಅದಕ್ಕೆ. ಫೋನಿನಲ್ಲಿ ಕೇಳುತ್ತಾರೆ. ಊರಿಗೆ ಹೋದರೆ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ. ಇಲ್ಲಿ ಜರ್ಮನಿಯ ಮೈಂಟ್ಸ್ ಊರಿನ ನಮ್ಮ ಮನೆಗೆ ಬಂದು, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಾ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ಉತ್ತರ: ಏನೂ ಆಗಬೇಕಾಗಿಲ್ಲ. ಅವನು 1402ರಲ್ಲಿ ಹುಟ್ಟಿ 1479ರಲ್ಲಿ ಸತ್ತವನು. ನಾನು ಮಂಡ್ಯದವನು.

ಹೆಸರು ಫಿಲಿಪ್. ಮನೆತನ ಕಾಟ್ಸೆನೆಲ್ನ್‌ಬೋಗೆನ್. ಹೌದು, ಅಕ್ಷರಶಃ ತೆಗೆದುಕೊಂಡರೆ 'ಬೆಕ್ಕಿನ ಮೊಣಕೈ'. ನಗುವವರು ಈಗಲೇ ನಕ್ಕು ಮುಗಿಸಿ. ಇದು ಬೆಕ್ಕಲ್ಲ, ಯಾವುದೋ ಹಳೆಯ ಬುಡಕಟ್ಟಿನ ಹೆಸರು ಅಂತ ಸಾಧಿಸಲು ಕೆಲವು ಪಂಡಿತರು ಬಹಳ ಕಷ್ಟಪಟ್ಟಿದ್ದಾರೆ. ಯಾಕೆ ಬೇಕು? ನಮ್ಮ ಆನೇಕಲ್ಲಿಗೆ ಹೋಗುವಾಗ ಯಾರಾದರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರಾ? ಇನ್ನು ಕೌಂಟ್ ಅಂದರೆ ರಾಜನಲ್ಲ. ದೊಡ್ಡ ಪಾಳೆಯಗಾರ ಅಂದುಕೊಳ್ಳಿ, ಅಷ್ಟು ಸಾಕು.

"ಹೊಯ್ಸಳರ ಬಗ್ಗೆ ಬರೀಬಾರದಾ?" ಅನ್ನುವವರು ಬೇರೆ ಇದ್ದಾರೆ. ಹೊಯ್ಸಳರ ಬಗ್ಗೆ ಬರೆಯಲು ಜನ ಇದ್ದಾರೆ ಸ್ವಾಮಿ. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ರೈಲು ರೂಸೆಲ್ಸ್‌ಹೈಮ್‌ನಲ್ಲಿ ನಿಲ್ಲುತ್ತದೆ. 1435ರ ಮಾರ್ಚ್ 13ರಂದು ಬರೆದ ಒಂದು ಲೆಕ್ಕದಲ್ಲಿ ಅದೇ ಊರಿನ ಹೆಸರಿದೆ. ಅಲ್ಲಿನ ತೋಟಕ್ಕೆ ರೀಸ್ಲಿಂಗ್ ದ್ರಾಕ್ಷಿ ಬಳ್ಳಿ ತಂದದ್ದಕ್ಕೆ 22 ಶಿಲ್ಲಿಂಗ್ ಅಂತ. ಇವತ್ತು ಜಗತ್ತೆಲ್ಲ ಕುಡಿಯುವ ಆ ವೈನಿನ ದ್ರಾಕ್ಷಿಗೆ ಅದೇ ಮೊದಲ ದಾಖಲೆ ಅನ್ನುತ್ತಾರೆ. ತೋಟ ಫಿಲಿಪ್‌ನ ಅಪ್ಪ ನಾಲ್ಕನೆಯ ಯೋಹಾನ್‌ನದು. ಲೆಕ್ಕದಲ್ಲಿ ಬರುವ ಮನುಷ್ಯನ ಹೆಸರು ಕ್ಲಾಸ್ ಕ್ಲೈನ್‌ಫಿಶ್. ಕ್ಲೈನ್‌ಫಿಶ್ ಅಂದರೆ ಸಣ್ಣ ಮೀನು. ಬೆಕ್ಕಿನ ಮನೆಯಲ್ಲಿ ಮೀನು ಲೆಕ್ಕ ಬರೆಯುತ್ತಿತ್ತು! ಇದನ್ನು ಓದಿದ ಮೇಲೂ ಈ ಮನೆತನವನ್ನು ಬಿಟ್ಟುಬಿಡು ಅಂದರೆ ಹೇಗೆ?

ಈ ಪ್ರಶ್ನೆ ನನಗೆ ನಿಜವಾಗಿ ಚುಚ್ಚಿದ್ದು ಹೋದ ವರ್ಷ, ಸೋದರತ್ತೆ ಬಂದಿದ್ದಾಗ. ರೈನ್ ನದಿ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದೆ. ಅತ್ತೆ ಸ್ವೆಟರ್ ಮೇಲೆ ಶಾಲು ಹೊದ್ದು, ಮಡಿಲಲ್ಲಿ ಚಿತ್ರಾನ್ನದ ಡಬ್ಬ ಇಟ್ಟುಕೊಂಡು ಕೂತಿದ್ದರು. ಸಾಂಕ್ಟ್ ಗೋವಾರ್ ಬಂತು. ಒಂದು ದಡದ ಮೇಲೆ ರೈನ್‌ಫೆಲ್ಸ್ ಕೋಟೆ. 1245ರಲ್ಲಿ ಈ ಮನೆತನದವರೇ ಕಟ್ಟಿದ್ದು, ನದಿಯಲ್ಲಿ ಹೋಗುವ ದೋಣಿಗಳಿಂದ ಸುಂಕ ವಸೂಲಿ ಮಾಡಲು. ಎದುರು ದಡದಲ್ಲಿ ಅವರದೇ ಇನ್ನೊಂದು ಕೋಟೆ. ಅದನ್ನು ಜನ 'ಬೆಕ್ಕು' ಅಂತ ಕರೆದರು. ಸ್ವಲ್ಪ ಕೆಳಗೆ ಟ್ರಿಯರ್ ಆರ್ಚ್‌ಬಿಷಪ್ಪರ ಕೋಟೆ ಇದೆ. ಅದಕ್ಕೆ 'ಇಲಿ' ಅಂತಲೇ ಹೆಸರಾಯಿತು.

"ಹೊಳೆಗೂ ಟೋಲಾ?" ಅಂದರು ಅತ್ತೆ.

ಖುಷಿಯಾಯಿತು. ಕೇಳುವವರು ಸಿಕ್ಕರು ಅಂತ ಹೇಳುತ್ತಾ ಹೋದೆ. ಫಿಲಿಪ್ 1433ರಲ್ಲಿ ಈಜಿಪ್ಟು, ಸಿನಾಯ್, ಜೆರುಸಲೇಮ್ ಕಡೆ ತೀರ್ಥಯಾತ್ರೆಗೆ ಹೋಗಿ ಬಂದದ್ದು, ಆಮೇಲೆ ಅಪ್ಪನ ಪಟ್ಟ ಬಂದದ್ದು, ಸುಂಕದ ದುಡ್ಡಿನಲ್ಲಿ ಭಾರೀ ಕುಳ ಆದದ್ದು. ಹಿರಿಮಗ 1453ರಲ್ಲಿ ತೀರಿಕೊಂಡ. ಕಿರಿಯವನನ್ನು 1456ರಲ್ಲಿ ಬ್ರೂಗ್ ಊರಿನಲ್ಲಿ ಯಾರೋ ಇರಿದು ಕೊಂದರು. ಹೆಂಡತಿಯ ಜೊತೆಗೂ ಸರಿಹೋಗದೆ ಬೇರೆ ಬೇರೆ ಇದ್ದರು.

ಅತ್ತೆ ಒಂದು ತುತ್ತು ನುಂಗಿ, "ಪಾಪ, ವಂಶ ನಿಂತೋಯ್ತು" ಅಂದರು. ಆಮೇಲೆ ನನ್ನ ಮುಖ ನೋಡಿ, "ಅಲ್ಲ ಕಣೋ, ಅವನು ನಿನಗೇನಾಗ್ಬೇಕು ಅಂತ ಇಷ್ಟೊಂದು ಹೇಳ್ತಿದೀಯ? ಮನೆ ತಗೋಳೋದು ಯಾವಾಗ, ಅದು ಹೇಳು."

ಮುಂದಿನ ಅರ್ಧ ಗಂಟೆ ನಾನು ಮಾತಾಡಲಿಲ್ಲ. ದ್ರಾಕ್ಷಿ ತೋಟ ನೋಡುತ್ತಾ ಕೂತೆ.

ಮನೆ ವಿಷಯಕ್ಕೆ ಅಲ್ಲ. ನನಗೆ ಸಿಟ್ಟು ಬಂದದ್ದು 'ವಂಶ ನಿಂತೋಯ್ತು' ಅನ್ನುವ ಮಾತಿಗೆ. ಪುಸ್ತಕಗಳೂ ಅದನ್ನೇ ಬರೆಯುತ್ತವೆ: 1479ರಲ್ಲಿ ಫಿಲಿಪ್ ಸತ್ತ, ಮನೆತನ ಕೊನೆಯಾಯಿತು. ಅವನಿಗೆ ಆನ್ನಾ ಅಂತ ಮಗಳಿದ್ದಳು. ಹಿರಿಮಗನ ಮಗಳು ಓಟಿಲಿಯೆ ಇದ್ದಳು. ಓಟಿಲಿಯೆ ಬಾಡೆನ್ ದೊರೆಯನ್ನು ಮದುವೆಯಾಗಿ ಹದಿನೈದು ಮಕ್ಕಳನ್ನು ಹೆತ್ತಳು. ಹದಿನೈದು! ನಿಂತುಹೋದ ವಂಶ ಅಂದರೆ ಇದಾ? "ಹಾಗಾದರೆ ಆ ಮಗಳು ಏನಾದಳು?" ಅಂತ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ. ಯಾರೂ ಕೇಳಲ್ಲ. ಆದ್ದರಿಂದ ನಾನೇ ಹೇಳುತ್ತೇನೆ.

ಆನ್ನಾಳನ್ನು 1458ರಲ್ಲಿ ಪಕ್ಕದ ಹೆಸ್ಸೆ ಸಂಸ್ಥಾನದ ದೊರೆಮನೆಯ ಹೈನ್ರಿಖ್‌ಗೆ ಕೊಟ್ಟು ಮದುವೆ ಮಾಡಿದರು. ಗಂಡು ಮಕ್ಕಳು ಹೋದ ಮೇಲೆ ಅಳಿಯನ ಕಣ್ಣು ಎಲ್ಲಿತ್ತು ಅಂತ ಬಿಡಿಸಿ ಹೇಳಬೇಕಾ? ಅಷ್ಟರಲ್ಲಿ ಮಾವ 1474ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಇನ್ನೊಂದು ಮದುವೆಯಾದ. ಹುಡುಗಿ ನಸ್ಸೌ ಮನೆತನದ ವಿಧವೆ, ಅವಳ ಹೆಸರೂ ಆನ್ನಾ. ಅವಳಿಗೆ ಗಂಡು ಹುಟ್ಟಿದರೆ ಅಳಿಯನಿಗೆ ಚಿಪ್ಪು. ಮದುವೆಯಾದ ಸ್ವಲ್ಪ ದಿನಕ್ಕೇ ಒಬ್ಬ ಪಾದ್ರಿ ಪೂಜೆಯ ವೈನಿನಲ್ಲಿ ವಿಷ ಬೆರೆಸಿ ಅವಳಿಗೆ ಕುಡಿಸಲು ನೋಡಿದ. ಬದುಕಿಕೊಂಡಳು. ಅಳಿಯನ ಕಡೆ ಬೆರಳು ತೋರಿಸಿದವರಿದ್ದಾರೆ. ನಾನು ಏನೂ ಹೇಳಲ್ಲ. ತೀರ್ಥ ಕೊಡುವ ಕೈಯೇ ವಿಷ ಕೊಟ್ಟಿತು ಅನ್ನುವುದನ್ನು ಮಾತ್ರ ಮರೆಯಲು ಆಗುವುದಿಲ್ಲ.

ಮಗು ಆಗಲಿಲ್ಲ. ಕೋಟೆ, ಸುಂಕ, ದ್ರಾಕ್ಷಿ ತೋಟ ಎಲ್ಲ ಮಗಳ ಮೂಲಕ ಹೆಸ್ಸೆಗೆ ಹೋಯಿತು. ಅಳಿಯನಿಗೆ ಇತಿಹಾಸದಲ್ಲಿ 'ಶ್ರೀಮಂತ ಹೈನ್ರಿಖ್' ಅಂತ ಹೆಸರು ಬಂತು. ಮಾವನ ಮನೆ ಆಸ್ತಿಯಲ್ಲಿ ಶ್ರೀಮಂತನಾದವನು, ಆದರೂ ಹೆಸರು ಅವನಿಗೇ ನೋಡಿ.

ಆಮೇಲಿನದು ನಮಗೆಲ್ಲ ಗೊತ್ತಿರುವ ಕಥೆ: ಪಾಲಿನ ಜಗಳ. ಫಿಲಿಪ್‌ನ ಮಗಳು ಆನ್ನಾಳ ಮಗ 1500ರಲ್ಲಿ ಮಕ್ಕಳಿಲ್ಲದೆ ಸತ್ತ. ಅವಳ ಮಗಳು ಎಲಿಜಬೆತ್‌ಳನ್ನು ನಸ್ಸೌ ಮನೆಗೆ ಕೊಟ್ಟಿದ್ದರು. ಅವರು ನಮ್ಮ ಪಾಲು ಕೊಡಿ ಅಂದರು. ಹೆಸ್ಸೆಯ ದಾಯಾದಿಗಳು ಕೊಡಲ್ಲ ಅಂದರು. 57 ವರ್ಷ ಎಳೆದಾಡಿದರು. ನಮ್ಮ ತಾತನ ಗದ್ದೆ ಕೇಸು 31 ವರ್ಷಕ್ಕೆ ಮುಗಿದಿತ್ತು, ಅದನ್ನೇ ದೊಡ್ಡದು ಅಂದುಕೊಂಡಿದ್ದೆ. ಕೊನೆಗೆ 1557ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ರಾಜಿ ಆಯಿತು. ಜಮೀನು ಬಹುಪಾಲು ಹೆಸ್ಸೆಗೆ, 6,00,000 ಗುಲ್ಡನ್ ಪರಿಹಾರ ನಸ್ಸೌಗೆ. ಜೊತೆಗೆ ಬೆಕ್ಕಿನ ಮೊಣಕೈ ಅನ್ನುವ ಬಿರುದು ಹಾಕಿಕೊಳ್ಳುವ ಹಕ್ಕು ಇಬ್ಬರಿಗೂ.

ಎಲಿಜಬೆತ್‌ಳ ಮೊಮ್ಮಗನೇ ಆರೆಂಜಿನ ವಿಲಿಯಂ, ಸ್ಪೇನಿನ ವಿರುದ್ಧ ಡಚ್ಚರ ದಂಗೆಯ ಮುಂದಾಳು. ಅವನ ತಮ್ಮನ ಕಡೆಯಿಂದ ಇಳಿದು ಬಂದವರು ಇವತ್ತಿನ ನೆದರ್‌ಲ್ಯಾಂಡ್ಸ್ ರಾಜ ವಿಲೆಮ್ ಅಲೆಕ್ಸಾಂಡರ್. ಅವರ ಉದ್ದನೆಯ ಬಿರುದಿನ ಪಟ್ಟಿಯಲ್ಲಿ 'ಕಾಟ್ಸೆನೆಲ್ನ್‌ಬೋಗೆನ್ ಕೌಂಟ್' ಈಗಲೂ ಇದೆ.

ಇದನ್ನೆಲ್ಲ ಅತ್ತೆಗೆ ವಾಪಸ್ ಬರುವ ರೈಲಿನಲ್ಲಿ ಹೇಳಿದೆ. ಸಿಟ್ಟಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ ಅನ್ನಿಸುತ್ತೆ, ಎದುರಿನವರು ಹೆಡ್‌ಫೋನ್ ಹಾಕಿಕೊಂಡರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಆ ರಾಜನಿಗೆ ಮಕ್ಕಳೆಷ್ಟು?"

"ಮೂರು, ಅತ್ತೆ. ಮೂರೂ ಹೆಣ್ಣು."

ಅತ್ತೆಗೂ ಮೂರೂ ಹೆಣ್ಣೇ. ಅವರು ಕಿಟಕಿ ಕಡೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ಡಬ್ಬ ತೆಗೆದು, ಉಳಿದಿದ್ದ ಚಿತ್ರಾನ್ನವನ್ನು ನನ್ನ ಕಡೆ ತಳ್ಳಿದರು.