ಒಂದೊಂದು ಕಮಾಂಡಿಗೆ ಒಂದೊಂದು ಕಡತ

ಕಮಾಂಡ್ ಬರೆದು ಕಂಪ್ಯೂಟರ್ ನಡೆಸಲು ಬಳಸುವ ಝಡ್ ಶೆಲ್ (zsh) ಎಂಬ ತಂತ್ರಾಂಶದ ಕೈಪಿಡಿ ಪುಟಗಳಿಂದ ಇಂದು ಸಹಾಯ ಕಡತಗಳನ್ನು ತಯಾರಿಸಿಕೊಂಡೆ. ಮೂಲ ಸಂಕೇತದ ಜೊತೆಗೇ ಬರುವ ‘ಹೆಲ್ಪ್‌ಫೈಲ್ಸ್’ ಎಂಬ ಪರ್ಲ್ ಸ್ಕ್ರಿಪ್ಟ್ ಆ ಉದ್ದನೆಯ ಪುಟವನ್ನು ಬಿಡಿಸಿ, ಶೆಲ್‌ನೊಳಗೇ ಇರುವ ಪ್ರತಿ ‘ಬಿಲ್ಟ್‌ಇನ್’ ಕಮಾಂಡಿಗೂ ಒಂದು ಪುಟ್ಟ ಕಡತ ಮಾಡಿಕೊಡುತ್ತದೆ. ‘ಟೈಪ್‌ಸೆಟ್’ ಎಂಬ ಕಮಾಂಡ್ ಬರೆದು ಎಸ್ಕೇಪ್ ಒತ್ತಿ, ಎಚ್ ಒತ್ತಿದೆ. ಅದರ ವಿವರಣೆಯಷ್ಟೇ ತೆರೆದುಕೊಂಡಿತು. ಓದಿ ಮುಚ್ಚಿದಾಗ ಅರ್ಧ ಬರೆದಿದ್ದ ಸಾಲು ಇದ್ದ ಹಾಗೆಯೇ ಕಾದಿತ್ತು! (ಆ ಕೀಲಿಗಳು ನಡೆಸುವುದು ‘ರನ್-ಹೆಲ್ಪ್’ ಕಮಾಂಡನ್ನು; ಮೊದಲೇ ಇರುವ ಅದೇ ಹೆಸರಿನ ಅಲಿಯಾಸನ್ನು, ಅಂದರೆ ಅಡ್ಡಹೆಸರನ್ನು, ತೆಗೆದುಹಾಕಲು ಮರೆಯಬೇಡಿ, ಅದು ನೇರ ಮ್ಯಾನ್ (ಕೈಪಿಡಿ) ಪುಟಕ್ಕೇ ಹೋಗುತ್ತದೆ.)

ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರ್‌ನಲ್ಲಿ. ಹೆಸರು, ಬಳಕೆಯ ರೂಪ, ವಿವರಣೆ ಎಂಬ ಅದೇ ಅಚ್ಚುಕಟ್ಟು ಇಂದಿಗೂ ಮ್ಯಾನ್ ಪುಟಗಳಲ್ಲಿದೆ. ಮನುಷ್ಯರು ಓದಲೆಂದು ಹಾಕಿದ ಅಂಚು, ಶೀರ್ಷಿಕೆಗಳನ್ನೇ ಹಿಡಿದು ಯಂತ್ರವೂ ದಾರಿ ಕಂಡುಕೊಳ್ಳುತ್ತದೆ. ಬರೆದವರ ಮೇಲೆ ನನಗೆ ತುಂಬು ಗೌರವ.